ಗ್ಲಾಸಿಯೋ ಮ್ಯಾಟೋ: ವಾಹನಚಿತ್ರದ ಮೇಲ್ಪೊರೆ

ವಾಹನದ ಮೈಗೆ ಅಂಟಿಸುವ ಮುದ್ರಿತ ಚಿತ್ರಕ್ಕೆ ಗ್ಲಾಸಿ ಲ್ಯಾಮಿನೇಷನ್ ಒಪ್ಪುತ್ತದೆಯೋ ಮ್ಯಾಟ್ ಒಪ್ಪುತ್ತದೆಯೋ ಎಂಬ ಪ್ರಶ್ನೆ ಸಾಮಾನ್ಯವಾಗಿ ಮುದ್ರಣವೆಲ್ಲ ಮುಗಿದ ಮೇಲೆ, ಗಿರಾಕಿಯ ಅಭಿರುಚಿಗೆ ಬಿಟ್ಟ ವಿಷಯವೆಂಬಂತೆ ಏಳುತ್ತದೆ. ವಾಸ್ತವವಾಗಿ ಅದು ವಿನ್ಯಾಸಕಾರ ಬಣ್ಣಗಳನ್ನು ಆರಿಸುವ ಮುನ್ನವೇ ತೀರ್ಮಾನವಾಗಬೇಕಾದ ಸಂಗತಿ. ಲ್ಯಾಮಿನೇಷನ್ ಎಂದರೆ ಮುದ್ರಿತ ವಿನೈಲ್ ಹಾಳೆಯ ಮೇಲೆ ರೋಲರುಗಳ ಒತ್ತಡದಿಂದ ಕೂರಿಸುವ ಪಾರದರ್ಶಕ ಪೊರೆ. ಬಿಸಿಲಿನ ಅತಿನೇರಳೆ ಕಿರಣ, ಉಜ್ಜಾಟ, ಚೆಲ್ಲಿದ ಡೀಸೆಲ್ ಇವುಗಳಿಂದ ಶಾಯಿಯನ್ನು ಕಾಯುವುದು ಎರಡೂ ಬಗೆಯ ಪೊರೆಗಳ ಸಮಾನ ಕರ್ತವ್ಯ. ಅವು ಬೇರೆಯಾಗುವುದು ಬೆಳಕನ್ನು ನಡೆಸಿಕೊಳ್ಳುವ ರೀತಿಯಲ್ಲಿ.

ಬೆಳಕು ಪ್ಲಾಸ್ಟಿಕ್ಕಿನ ಮೇಲೆ ನೇರವಾಗಿ ಬಿದ್ದಾಗ ಅದರ ಸುಮಾರು ಶೇ 4ರಷ್ಟು ಭಾಗ ಶಾಯಿಯನ್ನು ಮುಟ್ಟದೆ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ನುಣುಪಾದ ಗ್ಲಾಸಿ ಪೊರೆ ಈ ಭಾಗವನ್ನು ಒಂದೇ ದಿಕ್ಕಿಗೆ ಕಳುಹಿಸುವುದರಿಂದ, ಆ ದಿಕ್ಕಿನಿಂದ ಆಚೆ ನಿಂತವರಿಗೆ ಬಣ್ಣ ಕಲಬೆರಕೆಯಿಲ್ಲದೆ ತಲುಪಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ಆದರೆ ಅದೇ ದಿಕ್ಕಿನಲ್ಲಿ ನಿಂತವರಿಗೆ ಬಿಸಿಲಿನ ಝಳವಲ್ಲದೆ ಬೇರೇನೂ ಕಾಣದು. ಮ್ಯಾಟ್ ಪೊರೆಯ ಅತಿಸೂಕ್ಷ್ಮ ಏರಿಳಿತಗಳು ಅಷ್ಟೇ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತವೆ. ಹೀಗಾಗಿ ಎಲ್ಲಿ ನಿಂತರೂ ಅಕ್ಷರ ಓದಲು ಸಿಗುತ್ತದೆ, ಎಲ್ಲಿ ನಿಂತರೂ ಕಪ್ಪು ತುಸು ಬೂದಿಯಾಗಿ ಕಾಣುತ್ತದೆ. ಛಾಯಾಚಿತ್ರದ ಕಡುನೆರಳುಗಳನ್ನು ನೆಚ್ಚಿದ ವಿನ್ಯಾಸಕ್ಕೆ ಕೊನೆಗಳಿಗೆಯಲ್ಲಿ ಮ್ಯಾಟ್ ಹೊದಿಸಿದರೆ ಚಿತ್ರ ಪೇಲವವಾಗುವುದು ಈ ಕಾರಣಕ್ಕೆ.

ಹೊಳಪನ್ನು ಅಳೆಯುವ ಉಪಕರಣದಲ್ಲಿ, ವಕ್ರೀಭವನ ಸೂಚ್ಯಂಕ 1.567 ಇರುವ ನಯವಾದ ಕಪ್ಪು ಗಾಜಿಗೆ 100 ಎಂಬ ಮಾನವನ್ನು ಕೊಡಲಾಗಿದೆ. ಬೆಳಕನ್ನು 60 ಡಿಗ್ರಿ ಕೋನದಲ್ಲಿ ಹಾಯಿಸಿದಾಗ 10ಕ್ಕಿಂತ ಕಡಿಮೆ ಬಂದ ಮೇಲ್ಮೈಯನ್ನು 85 ಡಿಗ್ರಿಯಲ್ಲಿ ಮತ್ತೊಮ್ಮೆ ಅಳೆಯುವುದು ಪದ್ಧತಿ, ಏಕೆಂದರೆ ಬೆಳಕು ತೀರ ಓರೆಯಾದಂತೆ ಮ್ಯಾಟ್ ಮೇಲ್ಮೈಯೂ ಹೊಳೆಯತೊಡಗುತ್ತದೆ. ಇಳಿಬಿಸಿಲಿನಲ್ಲಿ ಬಸ್ಸಿನ ಪಕ್ಕವನ್ನು ಉದ್ದಕ್ಕೂ ನೋಡಿದವರಿಗೆ ಇದು ಉಪಕರಣವಿಲ್ಲದೆಯೂ ತಿಳಿಯುತ್ತದೆ.

ಕನ್ನಡದ ಬರಹಕ್ಕೆ ಇಲ್ಲೊಂದು ವಿಶೇಷ ಕಾಳಜಿ ಸಲ್ಲಬೇಕು. ಅಕ್ಷರದ ಅಡಿಯಲ್ಲಿ ಸಣ್ಣದಾಗಿ ಕೂರುವ ಒತ್ತುಗಳು ಝಳದಲ್ಲಿ ಮೊದಲು ಅಳಿಸಿಹೋಗುವ ಭಾಗಗಳಾದ್ದರಿಂದ, ರಕ್ತಸಂಗ್ರಹದ ವಾಹನ ಅಥವಾ ಸಂಚಾರಿ ಗ್ರಂಥಾಲಯದಂತೆ ಓದಿಸಿಕೊಳ್ಳುವುದೇ ಮುಖ್ಯವಾದ ಕಡೆ ಮ್ಯಾಟ್ ನಿಸ್ಸಂದೇಹವಾಗಿ ಮೇಲು. ತಗಡಿನ ಸಣ್ಣಪುಟ್ಟ ಗುಳಿಗಳನ್ನು ಗ್ಲಾಸಿ ಎತ್ತಿ ತೋರಿಸಿದರೆ ಮ್ಯಾಟ್ ಮರೆಮಾಡುತ್ತದೆ ಎಂಬುದೂ ಹಳೆಯ ವಾಹನಗಳ ಮಟ್ಟಿಗೆ ಗಣನೀಯ.

ಆದರೂ ದಿನವೂ ದುಡಿಯುವ ಬಸ್ಸು, ಸರಕು ಗಾಡಿಗಳಿಗೆ ಗ್ಲಾಸಿಯೇ ಸರಿ. ಎರೆಮಣ್ಣಿನ ಸೀಮೆಯ ಧೂಳು ಮ್ಯಾಟ್‌ನ ಏರಿಳಿತಗಳಲ್ಲಿ ಕೂತು ಸುಲಭಕ್ಕೆ ಬಿಡುವುದಿಲ್ಲ. ಬಿಡಿಸಲೆಂದು ಬ್ರಷ್ಷಿನಿಂದ ಪದೇ ಪದೇ ತಿಕ್ಕಿದರೆ ಏರುಗಳು ಸವೆದು ಅಲ್ಲಲ್ಲಿ ಹೊಳಪಿನ ತೇಪೆಗಳು ಮೂಡುತ್ತವೆ, ಮತ್ತು ಹಾಗೆ ಮೂಡಿದ ತೇಪೆಯನ್ನು ಮರಳಿ ಮಾಸಲಾಗಿಸುವ ಉಪಾಯವಿಲ್ಲ. ಮೇಣದ ಪಾಲಿಶ್ ಕೂಡ ಮ್ಯಾಟ್‌ಗೆ ವರ್ಜ್ಯ. ಕೈಯಲ್ಲಿ, ಮೆತ್ತನೆಯ ಬಟ್ಟೆಯಿಂದ ತೊಳೆಯುವ ವ್ಯವಸ್ಥೆಯಿಲ್ಲದ ಮಾಲೀಕರು ಮ್ಯಾಟ್‌ನ ಚೆಲುವಿಗೆ ಮನಸೋಲಬಾರದು.

ಯಾವುದನ್ನೇ ಆರಿಸಿದರೂ ಪೊರೆಯ ಜಾತಿ ಕೆಳಗಿನ ಹಾಳೆಯ ಜಾತಿಗೆ ಹೊಂದಬೇಕು. ದ್ರವವನ್ನು ತೆಳುವಾಗಿ ಹರಡಿ ಒಣಗಿಸಿ ತಯಾರಿಸಿದ ಕಾಸ್ಟ್ ವಿನೈಲ್, ಸುಮಾರು 50 ಮೈಕ್ರಾನ್ ದಪ್ಪದ್ದು, ತಿರುವುಗಳಿಗೂ ರಿವೆಟ್‌ಗಳಿಗೂ ಒಗ್ಗಿಕೊಳ್ಳುತ್ತದೆ. ಬಿಸಿ ಉರುಳೆಗಳ ನಡುವೆ ಒತ್ತಿ ಎಳೆದು ತಯಾರಿಸಿದ ಕ್ಯಾಲೆಂಡರ್ಡ್ ವಿನೈಲ್‌ಗೆ ಹಳೆಯ ಅಳತೆಗೆ ಕುಗ್ಗುವ ಸ್ವಭಾವವಿರುವುದರಿಂದ, ಅದನ್ನು ಕಾಸ್ಟ್ ಹಾಳೆಯ ಮೇಲೆ ಹೊದಿಸಿದರೆ ಅಂಚುಗಳು ಏಳುತ್ತವೆ. ಸಾಲ್ವೆಂಟ್ ಶಾಯಿಯಲ್ಲಿ ಮುದ್ರಿಸಿದ ಹಾಳೆಯನ್ನಂತೂ ಕನಿಷ್ಠ 24 ಗಂಟೆ ಸಡಿಲವಾಗಿ ಗಾಳಿಗೆ ಬಿಟ್ಟು, ದ್ರಾವಕ ಆರಿದ ಮೇಲಷ್ಟೇ ಲ್ಯಾಮಿನೇಷನ್‌ಗೆ ಕೊಡಬೇಕು. ಇಲ್ಲವಾದರೆ ಒಳಗೆ ಸಿಕ್ಕಿಬಿದ್ದ ದ್ರಾವಕ ಅಂಟನ್ನು ಮೆದುಗೊಳಿಸುತ್ತದೆ.