ಮಂಗಳೂರಿನ ಒಪ್ಪಂದವೂ ಸದಾಶಿವಗಡವೂ: ಜಯಾಪಜಯಗಳ ನಿರ್ಣಯದ ವಿಮರ್ಶೆ

ಎರಡನೆಯ ಮೈಸೂರು ಯುದ್ಧದಲ್ಲಿ (1780–1784) ಗೆದ್ದವರು ಯಾರು? ಟಿಪ್ಪು ಸುಲ್ತಾನನೆಂದು ಕೆಲವರು ಬರೆದಿದ್ದಾರೆ. ಯಾರೂ ಗೆಲ್ಲಲಿಲ್ಲವೆಂದು ಮತ್ತೆ ಕೆಲವರು. ನಮ್ಮ ವಿದ್ಯಾರ್ಥಿಗಳು ಇವುಗಳಲ್ಲೊಂದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ತೀರ್ಪನ್ನು ಸ್ವೀಕರಿಸುವ ಮೊದಲು ಅದರ ಅಳತೆಗೋಲನ್ನು ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯ ಅಳತೆ ನೆಲದ್ದು. ಕಾಳೀ ನದಿಯ ಮುಖದಲ್ಲಿ, ಉತ್ತರದ ದಡದ ಚಿತ್ತಾಕುಲದಲ್ಲಿರುವ ಸದಾಶಿವಗಡವು 1783ರಲ್ಲಿ ಇಂಗ್ಲಿಷರ ವಶವಾಯಿತು. 1784ರ ಮಾರ್ಚ್ 11ರ ಮಂಗಳೂರಿನ ಒಪ್ಪಂದವು ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಹೆಸರಿಸಿ, ಅವುಗಳನ್ನು ಮೈಸೂರಿಗೆ ಮರಳಿಸಬೇಕೆಂದಿತು. ಟಿಪ್ಪುವೂ ಆರ್ಕಾಟಿನ ಸೀಮೆಯನ್ನು ತೆರವು ಮಾಡಬೇಕಾಯಿತು. ಈ ಅಳತೆಯಂತೆ ಯುದ್ಧವು ಸಮಸಮ.

ಎರಡನೆಯದು ಪ್ರತಿಷ್ಠೆಯದು. ಮದರಾಸಿನ ನಿಯೋಗಿಗಳು ಟಿಪ್ಪುವಿನ ಪಾಳೆಯಕ್ಕೇ ಬಂದು ಸಂಧಿ ಮಾಡಿಕೊಂಡರು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಅದನ್ನು ಮೆಚ್ಚಲಿಲ್ಲ. ಇಲ್ಲಿ ಜಯ ಟಿಪ್ಪುವಿನದು. ಆದರೆ 1782ರ ಸಾಲಬಾಯಿ ಸಂಧಿಯಿಂದ ಮರಾಠರು ಇಂಗ್ಲಿಷರೊಡನೆ ರಾಜಿಯಾಗಿದ್ದರು. ಮೈಸೂರು ಮಿತ್ರನನ್ನು ಕಳೆದುಕೊಂಡಿತ್ತು. ಪಾಳೆಯದ ವೈಭವ ಈ ನಷ್ಟವನ್ನು ಮರೆಸಲಾರದು.

ಮೂರನೆಯದು ಕಾಲದ ಅಳತೆ. 1792ರಲ್ಲಿ ಅರ್ಧ ರಾಜ್ಯವೂ 1799ರಲ್ಲಿ ಪ್ರಾಣವೂ ಹೋದುದರಿಂದ ಟಿಪ್ಪು 1784ರಲ್ಲಿಯೇ ಸೋತಿದ್ದನೆಂಬ ವಾದವುಂಟು. ಇದನ್ನು ನಾವು ಒಪ್ಪಲಾರೆವು. 1790ರಲ್ಲಿ ಮರಾಠರೂ ನಿಜಾಮನೂ ಇಂಗ್ಲಿಷರ ಪಕ್ಷ ಸೇರಿದುದು ಮಂಗಳೂರಿನ ಒಪ್ಪಂದದ ಅನಿವಾರ್ಯ ಫಲವಲ್ಲ. ಮುಂದಿನದನ್ನು ತಿಳಿದವನು ಹಿಂದಿನವರ ಮೇಲೆ ಆ ತಿಳಿವನ್ನು ಹೇರಬಾರದು.

ಈ ಮೂರು ಅಳತೆಗಳೂ ದೊರೆಗಳವು. ಕಾಳಿಯ ದಡದ ವರ್ತಕನ, ಒಕ್ಕಲಿನ ಲೆಕ್ಕ ಇವುಗಳಲ್ಲಿ ಸೇರಿಲ್ಲ. 1799ರ ಬಳಿಕ ಕನ್ನಡ ಜಿಲ್ಲೆಯ ಕಲೆಕ್ಟರನಾದ ಥಾಮಸ್ ಮನ್ರೋ, ನಾಡಿನ ಹುಟ್ಟುವಳಿ ಕುಗ್ಗಿದುದಕ್ಕೆ ಹೈದರನ ದಾಳಿಯನ್ನೂ ಅನಂತರದ ಯುದ್ಧಗಳನ್ನೂ ಟಿಪ್ಪುವಿನ ಕ್ರಮಗಳನ್ನೂ ಕಾರಣವೆಂದನು. 1801ರಲ್ಲಿ ಇಲ್ಲಿಗೆ ಬಂದ ಬುಕಾನನನು, ಹಿಂದೆ ಐರೋಪ್ಯರ ವ್ಯಾಪಾರಕ್ಕೆ ಹೆಸರಾಗಿದ್ದ ಕಾರವಾರ ಟಿಪ್ಪುವಿನ ಆಳ್ವಿಕೆಯಲ್ಲಿ ಹಾಳಾಯಿತೆಂದು ಬರೆದನು. ಇಬ್ಬರೂ ಗೆದ್ದ ಕಂಪನಿಯ ನೌಕರರು. ಸೋತವನ ಮೇಲೆ ಹೊಣೆ ಹೊರಿಸುವುದು ಅವರಿಗೆ ಸುಲಭ. ಆದರೂ ಮನ್ರೋ ಯುದ್ಧಗಳನ್ನು ಬೇರೆಯಾಗಿ ಎಣಿಸಿದುದು ಗಮನಾರ್ಹ. ಆ ಯುದ್ಧಗಳಲ್ಲಿ ಅವನ ಕಂಪನಿಯೂ ಪಾಲುಗಾರನೇ.

ಆದುದರಿಂದ 1784ರಲ್ಲಿ ಮೈಸೂರು ತನ್ನ ರಾಜ್ಯವನ್ನು ಉಳಿಸಿಕೊಂಡಿತು, ಇಂಗ್ಲಿಷರು ಮದರಾಸನ್ನು ಉಳಿಸಿಕೊಂಡರು ಎಂಬಷ್ಟೇ ನಮ್ಮ ನಿರ್ಣಯ. ಗಡವು ಒಡೆಯನಿಗೆ ಮರಳಿತು. ಆದರೆ ರೇವಿನ ಹಳೆಯ ವ್ಯಾಪಾರ ಅದರೊಡನೆ ಮರಳಲಿಲ್ಲ. ಗೆದ್ದವರು ಯಾರೆಂದು ಕೇಳುವ ಅಧ್ಯಾಪಕರು, ಯಾರ ಲೆಕ್ಕದಲ್ಲಿ ಎಂಬುದನ್ನೂ ಕೇಳುವುದು ಲೇಸು.