ಹೆಸರು ಕರೆಯುವ ದನಿ

1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯ ಉದ್ಘೋಷಕರ ಕಸುಬು ನನಗೆ ಬಲು ಅಚ್ಚುಮೆಚ್ಚು. ಕೋರಿಕೆ ಹಾಡಿಗೆ ಮುಂಚೆ ಪತ್ರ ಬರೆದವರ ಹೆಸರಿನೊಂದಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಓದುವಾಗ ಒಂದು ಊರೂ ಅವಸರದಲ್ಲಿ ಜಾರದು. ಪತ್ರ ಮಗುಚಿದ ಸಪ್ಪಳ ಮೈಕಿಗೆ ಬೀಳದು. ತಗ್ಗಿಸಿದ ವಾದ್ಯದ ಮೇಲೆ ಮಾತು ತೇಲುತ್ತದೆ. ಗಾಯಕ ದನಿ ತೆಗೆಯುವ ಹೊತ್ತಿಗೆ ಮಾತು ಮುಗಿದು, ಬೆರಳು ಫೇಡರನ್ನು ಮೆಲ್ಲಗೆ ಏರಿಸಿರುತ್ತದೆ.

ಹೀಗೆ ಹೆಸರು ಕರೆಯುವ ಸೊಗಸು ಬೇರೆಡೆಯೂ ಉಂಟು. ನ್ಯೂಯಾರ್ಕಿನಲ್ಲಿ 1983ರಲ್ಲಿ ‘ವಿಡಿಯೋ ಮ್ಯೂಸಿಕ್ ಬಾಕ್ಸ್’ ಎಂಬ ಕಾರ್ಯಕ್ರಮ ಶುರುಮಾಡಿದ ಹಿಪ್ ಹಾಪ್ ನಿರೂಪಕ ರಾಲ್ಫ್ ಮೆಕ್‌ಡೇನಿಯಲ್ಸ್ ಕೂಡ ಟಿವಿಯಲ್ಲಿ ಓಣಿಯ ಹುಡುಗರಿಗೆ ತಮ್ಮವರ ಹೆಸರು ಕೂಗಲು ಜಾಗ ಕೊಟ್ಟೇ ಮನೆಮಾತಾದರು.

ಕಲಬುರಗಿ ಸೀಮೆಯ ಕಲ್ಲುಗಣಿಯ, ಸಿಮೆಂಟ್ ಕಾರ್ಖಾನೆಯ, ತೊಗರಿ ಹೊಲದ ಜನರ ಹೆಸರನ್ನು ಮರ್ಯಾದೆಯಿಂದ ಬಾನಿಗೇರಿಸುವುದು ದೊಡ್ಡ ಕಲೆ.