ಪ್ರತಿಕೃತಿ ಮತ್ತು ಪರಂಪರೆ: ಸೀಬಿಯ ಭಿತ್ತಿಚಿತ್ರಗಳ ನೆಲೆಯಲ್ಲಿ ಒಂದು ವಿವೇಚನೆ

ಹಳೆಯ ಚಿತ್ರವೊಂದರ ಪ್ರತಿಯನ್ನು ಸಿದ್ಧಪಡಿಸುವುದೆಂದರೆ ಅದರ ರೂಪವನ್ನು ಅನುಕರಿಸುವುದೇ, ಅಥವಾ ಅದು ರೂಪುಗೊಂಡ ಕ್ರಮವನ್ನು ಅನುಸರಿಸುವುದೇ? ಯುರೋಪಿನ ಪುನರುಜ್ಜೀವನ ಕಾಲದ ಭಾವಚಿತ್ರಗಳ ಅಧ್ಯಯನ ಈ ಪ್ರಶ್ನೆಗೆ ಮಹತ್ವದ ಉತ್ತರವೊಂದನ್ನು ನೀಡಿದೆ. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ಮೋನಾಲಿಸಾದ ಪ್ರತಿಯನ್ನು ಬಹುಕಾಲ ಸಾಮಾನ್ಯ ನಕಲೆಂದೇ ಪರಿಗಣಿಸಲಾಗಿತ್ತು. 2012ರಲ್ಲಿ ಪ್ರಕಟವಾದ ಪರೀಕ್ಷಾ ಫಲಿತಾಂಶಗಳು ಬೇರೆಯದನ್ನೇ ಹೇಳಿದವು. ಲಿಯೊನಾರ್ಡೊ ತನ್ನ ಮೂಲಚಿತ್ರದಲ್ಲಿ ಮಾಡಿಕೊಂಡ ತಿದ್ದುಪಡಿಗಳು ಈ ಪ್ರತಿಯ ಬಣ್ಣದ ಅಡಿಯಲ್ಲಿಯೂ ಕಂಡುಬಂದವು. ಗುರು ಬರೆಯುತ್ತಿದ್ದ ಕಾಲದಲ್ಲಿಯೇ ಶಿಷ್ಯನೊಬ್ಬ ಅದನ್ನು ಬರೆಯುತ್ತಿದ್ದನೆಂಬ ನಿರ್ಣಯಕ್ಕೆ ವಿದ್ವಾಂಸರು ಬಂದರು. ಹಲಗೆಗೆ ಬಿಳಿಯ ಲೇಪ, ಅದರ ಮೇಲೆ ರೇಖೆ, ಅನಂತರ ಎಣ್ಣೆಯಲ್ಲಿ ಅರೆದ ಬಣ್ಣದ ತೆಳುವಾದ ಪದರಗಳು ಎಂಬ ಕ್ರಮವನ್ನು ಅರಿತು ಮಾಡಿದ ಪ್ರತಿ ಕಸುಬಿನ ದಾಖಲೆಯೂ ಆಗಬಲ್ಲದು.

ಈ ಮಾತು ನಮ್ಮ ಸೀಮೆಗೂ ಅನ್ವಯಿಸುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ಬಯಲುಸೀಮೆಯ ಚಿತ್ರಪರಂಪರೆಯಲ್ಲಿ ತುಮಕೂರು–ಶಿರಾ ಹೆದ್ದಾರಿಯ ಸೀಬಿ ನರಸಿಂಹಸ್ವಾಮಿ ದೇವಾಲಯಕ್ಕೆ ವಿಶಿಷ್ಟ ಸ್ಥಾನವಿದೆ. ವ್ಯಾಪಾರಿಯೊಬ್ಬ ಬಂಡೆಯ ಮೇಲೆ ಬೇಯಲಿಟ್ಟ ಧಾನ್ಯ ರಕ್ತವರ್ಣಕ್ಕೆ ತಿರುಗಿತೆಂಬುದು ಇಲ್ಲಿಯ ಸ್ಥಳಪುರಾಣ. ಟಿಪ್ಪುವಿನ ಆಡಳಿತದಲ್ಲಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಸಹೋದರರು ದೇವಾಲಯವನ್ನು ಕಟ್ಟಿಸಿದರು. ‘ಹೈದರ್ ನಾಮಾ’ದೊಂದಿಗೆ ಈ ನಲ್ಲಪ್ಪನ ಹೆಸರು ಸೇರಿಕೊಂಡಿದೆ. ಮುಖಮಂಟಪದಲ್ಲಿ ಪುರಾಣಪ್ರಸಂಗಗಳೊಂದಿಗೆ ದರ್ಬಾರಿನ ದೃಶ್ಯಗಳೂ ಇವೆ. ದೇವರೂ ದೊರೆಗಳೂ ಒಂದೇ ಸೂರಿನಡಿ ಬಂದಿರುವುದರಿಂದ ಇವು ಇತಿಹಾಸಕಾರನಿಗೂ ಜಾನಪದ ಸಂಶೋಧಕನಿಗೂ ಸಮಾನವಾಗಿ ಆಕರಗಳು.

ಇಂತಹ ಚಿತ್ರಗಳು ಮಸುಕಾದಾಗ ‘ಮತ್ತೆ ಬರೆಸೋಣ’ ಎಂಬ ಮಾತು ಭಕ್ತಿಯಿಂದಲೇ ಹುಟ್ಟುತ್ತದೆ. ಆದರೆ ಅದರ ಪರಿಣಾಮವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಕಾಣಬಹುದು. 1784ರಲ್ಲಿ ನಿರ್ಮಿತವಾದ ಆ ಅರಮನೆಯ ಗೋಡೆಗಳ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅಳಿಸಿಹೋಗಿದ್ದ ಈ ಚಿತ್ರಗಳನ್ನು ಡಾಲ್‌ಹೌಸಿಯ ಆದೇಶದಂತೆ, ಮೂಲವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಸ್ಥಳೀಯ ಕಲಾವಿದನಿಂದ 1855ರ ಸುಮಾರಿಗೆ ಮತ್ತೆ ಬರೆಸಲಾಯಿತೆಂದು ತಿಳಿದುಬರುತ್ತದೆ. ಇಂದು ನಾವು ನೋಡುತ್ತಿರುವುದರಲ್ಲಿ ಟಿಪ್ಪುವಿನ ಕಾಲದ್ದೆಷ್ಟು, ಆ ಕಲಾವಿದನ ಸ್ಮೃತಿಯದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಜಾನಪದ ವಿದ್ವಾಂಸರು ಇಲ್ಲಿ ಆಕ್ಷೇಪವೊಂದನ್ನು ಎತ್ತಬಹುದು. ಶಿರಾ ಭಾಗದ ಕಾಡುಗೊಲ್ಲರು ಗಣೆಯ ನಾದದೊಂದಿಗೆ ಹಾಡುವ ಜುಂಜಪ್ಪನ ಕಾವ್ಯಕ್ಕೆ ಏಕೈಕ ಮೂಲಪಾಠವೆಂಬುದಿಲ್ಲ. ಪ್ರತಿಯೊಂದು ಹಾಡಿಕೆಯೂ ಅಧಿಕೃತವೇ. ಹಾಗಿರುವಾಗ ಚಿತ್ರವನ್ನು ಮತ್ತೆ ಬರೆಯುವುದನ್ನು ಪಾಠಾಂತರವೆಂದು ಏಕೆ ಒಪ್ಪಬಾರದು? ಈ ತರ್ಕ ಆಕರ್ಷಕವಾದುದು; ನಾವೇ ಪ್ರತಿಪಾದಿಸುತ್ತ ಬಂದ ತತ್ತ್ವವೂ ಹೌದು. ಆದರೆ ಇಂದಿನ ಹಾಡಿಕೆ ನಿನ್ನೆಯ ಹಾಡಿಕೆಯನ್ನು ಅಳಿಸುವುದಿಲ್ಲ. ಹೊಸ ಬಣ್ಣವಾದರೋ ಹಳೆಯದರ ಮೇಲೆಯೇ ಕುಳಿತುಕೊಳ್ಳುತ್ತದೆ. ಮೌಖಿಕ ಪರಂಪರೆಗೆ ರೂಪಿಸಿದ ಸಿದ್ಧಾಂತವನ್ನು ಗೋಡೆಗೆ ಹಾಗೆಯೇ ಅನ್ವಯಿಸಲಾಗದು.

ಆದ್ದರಿಂದ ಮಾಡಬೇಕಾದ ಪ್ರತಿ ಬೇರೆಯೇ ಫಲಕದ ಮೇಲಿರಬೇಕು. ಮಾರುಕಟ್ಟೆಯ ಎನಾಮೆಲ್ ಬಣ್ಣ ರೂಪವನ್ನು ಹೋಲಿಸೀತು, ಆದರೆ ಕ್ರಮವನ್ನು ಮರೆಸುತ್ತದೆ. ಹುಣಸೆಕಡ್ಡಿಯ ಇದ್ದಿಲಿನಿಂದ ರೇಖೆ ಎಳೆಯುವ, ಸಫೇದ ಹದಮಾಡುವ, ಬಣ್ಣ ಅರೆಯುವ ಕೌಶಲ ಮೈಸೂರು ಸಂಪ್ರದಾಯದ ಕಲಾವಿದರಲ್ಲಿ ಉಳಿದಿದೆ. ಅವರನ್ನು ಸೀಬಿಯ ಚಿತ್ರಗಳೆದುರು ಕೂರಿಸಿ, ಮೊದಲು ಮೂಲದ ಲೇಪ, ಬಣ್ಣಗಳನ್ನು ಪರೀಕ್ಷಿಸಿ, ಅವುಗಳಿಗೆ ಹೊಂದುವ ಕ್ರಮದಲ್ಲಿ ಪ್ರತಿ ಮಾಡಿಸಿ, ಪ್ರತಿ ಹಂತವನ್ನೂ ದಾಖಲಿಸಬೇಕು. ಆಗ ಮೂಲ ತನ್ನ ಮಸುಕಿನೊಡನೆಯೇ ಉಳಿಯುತ್ತದೆ. ಕಸುಬು ಮುಂದಿನ ಕೈಗೆ ದಾಟುತ್ತದೆ.